ದೊರೆಯ ಹಣೆಗೆ ಬೂದಿ

ಹೊಳೆದಂಡೆಯ ಆ ಕ್ರೈಸ್ತ ಆಶ್ರಮದಲ್ಲಿ ಗುರು ಇನ್ನಾಸಪ್ಪನವರಿಗೆ ಆ ವರ್ಷ ಕೈನಡುಕ ಹೆಚ್ಚಾಗಿತ್ತು. ಹಾಗಾಗಿ ಉಪವಾಸದ ಕಾಲ ಶುರುವಾಗುವ ಬೂದಿ ಬುಧವಾರದ ದಿನ ಜನರ ಹಣೆಗೆ ಬೂದಿ ಇಡುವ ಕೆಲಸ ಶಿಷ್ಯ ಚೌರಪ್ಪನ ಪಾಲಿಗೆ ಬಂತು.

ಹಿಂದಿನ ವರ್ಷ ಗರಿಗಳ ಹಬ್ಬದಲ್ಲಿ ದೇವರಿಗೆ ಜಯಕಾರ ಹಾಕುತ್ತಾ ಬೀಸಿದ ತೆಂಗಿನ ಗರಿಗಳನ್ನೇ ಸುಟ್ಟು ಮಾಡಿದ ಬೂದಿ ಅದು.

“ಬರೋರು ಯಾರೇ ಆಗಲಿ, ಹೇಳೋ ಮಾತು ಒಂದೇ,” ಎಂದರು ಗುರುಗಳು. “ನೀನು ಮಣ್ಣು, ನಿನ್ನನ್ನು ಮಾಡಿದವನು ಮೇಲಿದ್ದಾನೆ, ಮರೆಯಬೇಡ. ಇಷ್ಟು ಹೇಳು ಸಾಕು.”

ಬೆಸ್ತರು ಬಂದರು, ಅಗಸರು ಬಂದರು, ಕೂಸುಗಳನ್ನು ಎತ್ತಿಕೊಂಡ ತಾಯಂದಿರು ಬಂದರು. ಚೌರಪ್ಪನ ಬಾಯಿಂದ ಆ ಮಾತು ಸರಾಗವಾಗಿ ಹೊರಡುತ್ತಿತ್ತು. ಬಡವರಿಗೆ ‘ನೀನು ಮಣ್ಣು’ ಎನ್ನಲು ಯಾವ ಎದೆಗಾರಿಕೆ ಬೇಕು ಹೇಳಿ!

ಸಾಲಿನ ಕೊನೆಯಲ್ಲಿ ದೊರೆ ನಿಂತಿದ್ದ. ಬರಿಗಾಲು, ರುಮಾಲು ಕೈಯಲ್ಲಿ.

ಒಡಹುಟ್ಟಿದ ತಮ್ಮನನ್ನೇ ದ್ರೋಹದ ಅನುಮಾನದ ಮೇಲೆ ಸೆರೆಗೆ ಹಾಕಿಸಿದ್ದಾನೆ, ಇಂದೋ ನಾಳೆಯೋ ತಲೆ ತೆಗೆಸುತ್ತಾನೆ ಎಂದು ಊರೆಲ್ಲ ಗುಸುಗುಸು ಎದ್ದಿತ್ತು.

ಚೌರಪ್ಪ ಆ ಮಾತನ್ನು ನುಂಗಿಕೊಂಡ. ಹೆಬ್ಬೆರಳಿನ ಬೂದಿಯನ್ನು ಕಂಡೂ ಕಾಣದ ಹಾಗೆ ದೊರೆಯ ಕೂದಲಂಚಿಗೆ ತಾಗಿಸಿದ.

“ದೇವರು ಮಹಾಸ್ವಾಮಿಯವರನ್ನು ನೂರ್ಕಾಲ ಬಾಳಿಸಲಿ. ಮಹಾಸ್ವಾಮಿಯವರ ಮಾತೇ ನಮಗೆಲ್ಲ ಕಟ್ಟಳೆ.”

ದೊರೆ ಕದಲಲಿಲ್ಲ. ತಲೆ ಬಾಗಿಸಿಕೊಂಡೇ ಇದ್ದ.

“ಇಷ್ಟೇನಾ?” ಎಂದ.

“ಇಷ್ಟೇ, ಮಹಾಸ್ವಾಮಿ.”

ದೊರೆ ಅವನ ಮುಖವನ್ನೊಮ್ಮೆ ನೋಡಿ, ರುಮಾಲು ಸುತ್ತಿಕೊಂಡು ಹೊರಟುಹೋದ.

ವಾರ ಕಳೆಯುವ ಮುನ್ನವೇ ಸುದ್ದಿ ಬಂತು. ದೊರೆ ತಮ್ಮನ ತಲೆ ತೆಗೆಸಿದ್ದ.

ಚೌರಪ್ಪ ಹೊಳೆಗೆ ಓಡಿದ. ಎಂದೋ ತೊಳೆದುಹೋದ ಬೂದಿ ಇನ್ನೂ ಅಂಟಿಕೊಂಡಿದೆಯೇನೋ ಎಂಬಂತೆ ಹೆಬ್ಬೆರಳನ್ನು ಕಲ್ಲಿಗೆ ಉಜ್ಜುತ್ತಾ ಕುಳಿತ. ಗುರುಗಳು ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತರು.

“ಇನ್ನಷ್ಟು ಹೊಗಳಲಿ ಅಂತ ನಿಂತಿದ್ದಾರೆ ಅಂದ್ಕೊಂಡೆ, ಗುರುಗಳೇ. ಅವರು ಕಾಯ್ತಿದ್ದದ್ದು ಆ ಮಾತಿಗೆ! ಅರಮನೆಯಲ್ಲಿ ಯಾರೂ ಹೇಳದ್ದನ್ನ ಇಲ್ಲಾದ್ರೂ ಹೇಳ್ತಾರೆ ಅಂತ ಬರಿಗಾಲಲ್ಲಿ ಬಂದಿದ್ರು. ನಾನು ಬರಿಗೈಯಲ್ಲಿ ಕಳಿಸಿಬಿಟ್ಟೆ.”

ಅವನಿಗೆ ಅಳು ತಡೆಯಲಾಗಲಿಲ್ಲ. ಗುರುಗಳ ಕಣ್ಣೂ ಒದ್ದೆಯಾಗಿತ್ತು.

“ರಾಜರಿಗೆಲ್ಲ ರಾಜ ಅವನು ಅಂತೀರಲ್ಲ, ಆ ದೇವರಾದ್ರೂ ತಡೀಬಾರದಿತ್ತಾ?” ಎಂದು ಬಿಕ್ಕಿದ ಚೌರಪ್ಪ.

“ದೊರೆಯ ತಲೆಯನ್ನು ನಿನ್ನ ಮುಂದೆ ಬಾಗಿಸಿದ್ದು ಮತ್ತಿನ್ಯಾರು, ಮಗಾ?”

ಚೌರಪ್ಪ ಹೆಬ್ಬೆರಳು ಉಜ್ಜುವುದನ್ನು ನಿಲ್ಲಿಸಿದ.

ಗುರುಗಳು ಎದ್ದು ಆಶ್ರಮದೊಳಗೆ ಹೋದರು. ಮಿಕ್ಕ ಬೂದಿಯ ಬಟ್ಟಲನ್ನು ತಂದು, ನಡುಗುವ ಕೈಯಿಂದಲೇ ಅವನ ಕೈಗಿಟ್ಟರು.

“ಅರಮನೆಗೆ ಹೋಗು. ಹೇಳದೆ ಬಿಟ್ಟದ್ದನ್ನು ಹೇಳಿ ಬಾ.”

“ನನ್ನ ತಲೆಯೂ ಉಳಿಯಲ್ಲ, ಗುರುಗಳೇ.”

“ಇರಬಹುದು. ನಾನೂ ಜೊತೆಗೆ ಬರ್ತೀನಿ.”

ಚೌರಪ್ಪ ಬಟ್ಟಲನ್ನೇ ದಿಟ್ಟಿಸಿದ.

“ಈಗ ಹೇಳಿ ಏನು ಬಂತು? ತಮ್ಮ ಸತ್ತೇ ಹೋದನಲ್ಲ!”

“ಅಣ್ಣ ಇನ್ನೂ ಬದುಕಿದ್ದಾನೆ.”