ದುಂಡವ್ವನ ಏಳು ಮಿಲಿಮೀಟರ್

ನನಗೆ ಕಥೆ ಹೇಳಿ ಅಭ್ಯಾಸವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ಇದು ಚೆನ್ನಾಗಿರುತ್ತಿತ್ತು. ಆದರೆ ಇದರಲ್ಲಿ ತಪ್ಪು ಮಾಡಿದ ಶಿಷ್ಯ ನಾನೇ. ಆದ್ದರಿಂದ ನಾನೇ ಹೇಳುತ್ತಿದ್ದೇನೆ. ಎಡವಿದಲ್ಲಿ ಕ್ಷಮಿಸಿ.

ನದಿಯ ದಡದಲ್ಲಿ ಒಂದು ಆಶ್ರಮ. ಅದರ ಒಂದು ಕೋಣೆಯಲ್ಲಿ ಗುರುಗಳು ಹಲ್ಲಿನ ಚಿಕಿತ್ಸೆ ಮಾಡುತ್ತಾರೆ. ಗುರುಗಳು ಎಂದರೆ ಕಾವಿ ಉಟ್ಟವರಲ್ಲ. ಮೂವತ್ತು ವರ್ಷ ದಂತವೈದ್ಯರಿಗೆ ಪಾಠ ಹೇಳಿ ಈಗ ಇಲ್ಲಿ ಬಂದು ಇರುವವರು. ನಾನು ಓದು ಮುಗಿಸಿ, ಕೈಕೆಲಸ ಕಲಿಯಲು ಅವರ ಬಳಿ ಬಂದವನು.

ದುಂಡವ್ವ ಆಶ್ರಮದಲ್ಲಿ ಕೌದಿ ಹೊಲಿಯುತ್ತಾರೆ. ಸೋಮವಾರದ ಭಜನೆಯಲ್ಲಿ ಹಾಡು ಎತ್ತಿಕೊಡುವವರೂ ಅವರೇ.

ಅವರ ಹಲ್ಲುಗಳು ಒಸಡಿನ ಹತ್ತಿರಕ್ಕೆ ಸವೆದಿದ್ದವು. ಬೀಸುಕಲ್ಲಿನ ಹಿಟ್ಟಿನ ರೊಟ್ಟಿ ತಿಂದು, ದಾರ ಕಚ್ಚಿ ಕಚ್ಚಿ ಹಾಗಾಗಿತ್ತು. (ಕಲ್ಲಿನ ಪುಡಿ ಹಿಟ್ಟಿನಲ್ಲಿ ಸೇರಿ ಹಲ್ಲನ್ನು ತೇಯುತ್ತದೆ. ಇದನ್ನು ಮೊದಲೇ ಹೇಳಬೇಕಿತ್ತು.)

ಅಂಥ ಹಲ್ಲುಗಳಿಗೆಲ್ಲ ಕ್ಯಾಪ್ ಹಾಕಿ ಎತ್ತರಿಸಬೇಕು. ಎಷ್ಟು ಎತ್ತರ ಎಂಬುದೇ ಪ್ರಶ್ನೆ.

"ಮೊದಲು ಎಷ್ಟು ಎತ್ತರ ಇದ್ದವು ಅಂತ ಯಾರಿಗೆ ಗೊತ್ತು ಗುರುಗಳೇ? ಅವ್ವನಿಗೇ ನೆನಪಿಲ್ಲ. ಒಂದು ಫೋಟೋ ಕೂಡ ಇಲ್ಲ."

"ದವಡೆಗೆ ನೆನಪಿರುತ್ತದೆ. ಕೇಳು," ಎಂದರು ಗುರುಗಳು.

ಅವರು ದುಂಡವ್ವನ ಮೂಗಿನ ತುದಿಗೆ ಒಂದು, ಗದ್ದಕ್ಕೆ ಒಂದು ಚುಕ್ಕೆ ಇಟ್ಟರು.

"ಅವ್ವಾ, ಅಮ್ಮ ಅನ್ನಿರಿ. ಅಂದು ಹಾಗೇ ಸುಮ್ಮನಿರಿ."

ನನ್ನ ಕೈಗೆ ಸ್ಕೇಲ್ ಕೊಟ್ಟು ಹೊರಗೆ ಹೋದರು.

ಇದನ್ನು ಸ್ವಲ್ಪ ವಿವರಿಸುತ್ತೇನೆ. ಬಾಯಿ ಸುಮ್ಮನಿದ್ದಾಗ ದವಡೆ ತನ್ನಷ್ಟಕ್ಕೆ ಒಂದು ಕಡೆ ನಿಲ್ಲುತ್ತದೆ. ಹಲ್ಲು ಸವೆದರೂ ಆ ನಿಲುವು ಅಷ್ಟಾಗಿ ಬದಲಾಗುವುದಿಲ್ಲ. ಹಾಗೆ ನಿಂತಾಗ ಚುಕ್ಕೆಗಳ ನಡುವೆ ಒಂದು ಅಳತೆ ತೆಗೆದೆ, ಹಲ್ಲು ಕಚ್ಚಿಸಿ ಇನ್ನೊಂದು. ಎರಡಕ್ಕೂ ಏಳು ಮಿಲಿಮೀಟರ್ ವ್ಯತ್ಯಾಸ.

ನಾನು ಏಳು ಮಿಲಿಮೀಟರನ್ನೂ ಎತ್ತರಿಸಿದೆ. ಸದ್ಯಕ್ಕೆ ಪ್ಲಾಸ್ಟಿಕ್ ಕ್ಯಾಪ್. ಅದು ಒಗ್ಗಿದರೆ ಅದೇ ಅಳತೆಗೆ ಗಟ್ಟಿ ಕ್ಯಾಪ್ ಮಾಡಿಸಿ ಅಂಟಿಸುವುದು. ಅಂಟಿಸಿದ ಮೇಲೆ ಬೇಡವೆಂದರೆ ಒಡೆದೇ ತೆಗೆಯಬೇಕು.

ಹದಿನೈದು ದಿನದ ಮೇಲೆ ದುಂಡವ್ವ ಬಂದರು.

"ತಮ್ಮಾ, ನೀ ಹಲ್ಲ ಹಾಕೀಯೋ, ಬಾಯಾಗ ಕುಟ್ಟಾಣಿ ಇಟ್ಟೀಯೋ? ಮಾತಾಡಿದ್ರ ಟಕ್ ಟಕ್ ಅಂತೈತಿ."

"ರೂಢಿ ಆಗ್ತದವ್ವ."

"ರೊಟ್ಟಿ ತಿನ್ನಾಕ ಬರತೈತಿ, ಖರೆ. ಹಾಡಾಕ ಬರವಲ್ದು. ಎರಡು ಸೋಮವಾರ ಬಾಯಿ ಮುಚ್ಕೊಂಡು ಹಿಂದ ಕುಂತೆ. ಮುಚ್ಚಿದ್ರೂ ದವಡಿ ದಣೀತೈತಿ."

"ಇನ್ನೂ ಸ್ವಲ್ಪ ದಿನ ನೋಡವ್ವ."

"ನಾಳೆ ಇದ ಅಳತೀಗೆ ಗಟ್ಟಿ ಹಲ್ಲ ಮಾಡಾಕ ಕಳಸ್ತೀಯಂತ. ಆಮ್ಯಾಲೆ ನನ್ನ ಹಾಡು ಮುಗೀತು."

ನಾನು ಗುರುಗಳ ಬಳಿ ಹೋಗಿ ಎಲ್ಲ ಹೇಳಿದೆ. ಅಳತೆ ಸರಿಯಿದೆ, ಕ್ಯಾಪ್ ಸರಿಯಿದೆ, ವಯಸ್ಸಾದವರಿಗೆ ಹೊಸದು ಬೇಗ ಒಗ್ಗುವುದಿಲ್ಲ, ಹೀಗೆ ಬಹಳ ಹೊತ್ತು ಹೇಳಿದೆ.

ಅವರು ನನ್ನನ್ನು ನದಿಯ ಮೆಟ್ಟಿಲಿಗೆ ಕರೆದೊಯ್ದರು.

"ಅಮ್ಮ ಅನ್ನು."

"ಅಮ್ಮ."

"ಸುಮ್ಮನಿರು."

ಸುಮ್ಮನಿದ್ದೆ. ನದಿ ಹರಿಯುತ್ತಿತ್ತು. ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಗುರುಗಳು ಅದನ್ನೇ ನೋಡುತ್ತ ಕೂತರು. ಅವರು ನನ್ನನ್ನು ಮರೆತರೇನೋ ಎನ್ನಿಸಿತು.

"ಈಗ ನಿನ್ನ ಹಲ್ಲಿಗೆ ಹಲ್ಲು ತಾಗಿದೆಯಾ?"

ನೋಡಿಕೊಂಡೆ. "ಇಲ್ಲ."

"ಇಷ್ಟು ಹೊತ್ತಿನಲ್ಲಿ ಎಷ್ಟು ಸಲ ತಾಗಿತು?"

"ಉಗುಳು ನುಂಗಿದಾಗ. ಅಷ್ಟೇ ಇರಬೇಕು."

"ಉಳಿದ ಹೊತ್ತು ನಡುವೆ ಏನಿತ್ತು?"

"ಖಾಲಿ ಜಾಗ. ಎರಡು ಮೂರು ಮಿಲಿಮೀಟರ್. ಎಲ್ಲರಿಗೂ ಇರುತ್ತದೆ ಗುರುಗಳೇ. ಸ್ನಾಯುಗಳಿಗೆ ವಿಶ್ರಾಂತಿ ಸಿಗುವುದು ಅಲ್ಲೇ. ಮಾತಾಡುವಾಗ ನಾಲಿಗೆ ಆಡುವುದಕ್ಕೂ ಅದು ಬೇಕು. ಇಲ್ಲದಿದ್ದರೆ ಏನಾಗುತ್ತದೆ ಎಂದರೆ..."



"ಹೇಳು. ಏನಾಗುತ್ತದೆ?"

"ಆದರೆ ನಾನು ಏನೂ ಕಡಿಮೆ ಕೊಡಲಿಲ್ಲ. ಏಳು ಇತ್ತು, ಏಳನ್ನೂ ಕೊಟ್ಟೆ."

"ಕಳೆದುಹೋದದ್ದನ್ನು ಕೊಟ್ಟೆ, ಒಳ್ಳೆಯದು," ಎಂದರು ಗುರುಗಳು. "ಎಂದೂ ಹಲ್ಲೇ ಇರದಿದ್ದ ಜಾಗವನ್ನು ಯಾಕೆ ಕಿತ್ತುಕೊಂಡೆ?"

ಅಂದು ಸಂಜೆಯೇ ದುಂಡವ್ವನನ್ನು ಕೂರಿಸಿ ಕ್ಯಾಪ್‌ಗಳನ್ನು ತೇಯ್ದು ಮೂರು ಮಿಲಿಮೀಟರ್ ಇಳಿಸಿದೆ. ನೀಲಿ ಕಾಗದ ಕಚ್ಚಿಸಿ, ಗುರುತು ಬಿದ್ದಲ್ಲಿ ಮತ್ತೆ ತೇಯ್ದೆ. (ಉಬ್ಬಿದ ಕಡೆ ಮಾತ್ರ ಬಣ್ಣ ಹತ್ತುತ್ತದೆ.)

ಅವರು "ಅಮ್ಮ" ಎಂದು ಸುಮ್ಮನಾದರು. ಬಹಳ ಹೊತ್ತು ಹಾಗೇ ಇದ್ದರು. ನನಗೆ ಭಯವಾಯಿತು.

"ಏನಾಯ್ತವ್ವ?"

"ಏನೂ ಆಗವಲ್ದು ನೋಡು," ಎಂದು ನಕ್ಕರು.

"ಇನ್ನು ಗಟ್ಟಿ ಕ್ಯಾಪ್‌ಗೆ ಅಳತೆ ಕಳಿಸಲೇ?" ಎಂದು ಗುರುಗಳನ್ನು ಕೇಳಿದೆ.

"ಸೋಮವಾರ ಆಗಲಿ," ಎಂದರು.

ಇವತ್ತು ಸೋಮವಾರ. ಭಜನೆಗೆ ಇನ್ನೂ ಹೊತ್ತಿದೆ ಎಂದು ಇದನ್ನು ಬರೆಯುತ್ತ ಕೂತಿದ್ದೇನೆ. ಒಂದು ವಿಷಯವನ್ನು ಬಿಡಿಸಿ ಹೇಳಲೇಬೇಕು. ನದಿಯ ಮೆಟ್ಟಿಲ ಮೇಲೆ ಗುರುಗಳು ಹೇಳಿದ್ದು ಬರೀ ಹಲ್ಲಿನ ಮಾತಲ್ಲ. ಅದು ಹೇಗೆಂದರೆ, ನಾವು ಯಾರಿಗಾದರೂ ಒಳ್ಳೆಯದು ಮಾಡಲು ಹೋದಾಗ, ಅವರ

ಗುರುಗಳು ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾರೆ.

"ಮಹಾರುದ್ರ, ಅದನ್ನು ಅಲ್ಲೇ ಬಿಟ್ಟು ಬಾ. ದುಂಡವ್ವ ಹಾಡು ಎತ್ತಿದ್ದಾರೆ."