ಲಕ್ಷದಲ್ಲಿ ಉಳಿದ ಒಂದು ಬತ್ತಿ

ಈ ಕಥೆಯನ್ನು ನಮಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಪದ್ದಮ್ಮನವರು, ಏಕಾದಶಿಯ ದಿನ ಹತ್ತಿ ಬಿಡಿಸುತ್ತಾ.

ಒಂದೂರಿನಲ್ಲಿ ಅಚ್ಚಮ್ಮ ಎಂಬ ಮುದುಕಿ ಲಕ್ಷ ಬತ್ತಿ ಹೊಸೆದು ದೇವರಿಗೆ ಬೆಳಗುತ್ತೇನೆಂದು ಹರಕೆ ಹೊತ್ತಳು. ಹೊಸೆಯಲು ಕೂರುವ ಮೊದಲೇ ಬೆರಳುಗಳು ಸೆಟೆದುಕೊಂಡವು. ಮೂವರು ಸೊಸೆಯರನ್ನು ಕರೆದು, "ನನ್ನ ಕಣ್ಣೆದುರಿಗೇ ಇದು ತೀರಲಿ ತಾಯಂದಿರಾ. ಪುಣ್ಯ ಮೂವರಿಗೂ ಸಮನಾಗಿ ಬರಲಿ," ಎಂದಳು.

ಪಾಲು ಮಾಡಿದರು. ತಲೆಗೆ ಮೂವತ್ತಮೂರು ಸಾವಿರದ ಮುನ್ನೂರ ಮೂವತ್ತಮೂರು. ಒಂದು ಉಳಿಯಿತು.

"ಆ ಒಂದರ ಪುಣ್ಯ ನಿಮಗೇ ಇರಲಿ ಅಕ್ಕಾ, ಹಿರಿಯವರಲ್ಲವೇ?" ಎಂದಳು ನಡುವಿನ ಸೊಸೆ ರುಕ್ಮಾವತಿ.

ಹಿರಿಯ ಸೊಸೆ ಸರ್ವಮಂಗಳೆಗೆ ಮೈಯೆಲ್ಲ ದಣಿವು. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಯಾರಿಗೂ ಸೇರದೆ ಉಳಿದ ಕೆಲಸವೆಲ್ಲ ಅವಳದೇ. "ಹಿರಿಯಳಾಗಿ ಸಾಕಾಗಿದೆಯಮ್ಮ. ನಾನು ಮಾಡುವುದಿಲ್ಲ," ಎಂದಳು.

ಕಿರಿಯವಳು ಪುರೋಹಿತರಾದ ಜೋಯಿಸರನ್ನೇ ಕೇಳಿದಳು. "ಹತ್ತು ಲಕ್ಷ ಮಾಡಿದರೆ ಪಾಲು ಸರಿಹೋಗುತ್ತದೆಯೇ?"

ಜೋಯಿಸರು ನಕ್ಕರು. "ಇಲ್ಲಮ್ಮ, ಕೋಟಿ ಮಾಡಿದರೂ ಇಲ್ಲ. ಒಂಬತ್ತುಗಳನ್ನು ಸಾಲಾಗಿ ಎಷ್ಟು ಜೋಡಿಸಿದರೂ ಆ ಸಂಖ್ಯೆ ಸರಿಯಾಗಿ ಮೂರು ಪಾಲಾಗುತ್ತದೆ. ಲಕ್ಷವೆಂದರೆ ಐದು ಒಂಬತ್ತುಗಳ ಮೇಲೆ ಒಂದು. ಕೋಟಿಯೆಂದರೆ ಏಳು ಒಂಬತ್ತುಗಳ ಮೇಲೆ ಒಂದು. ಮುಂದೆ ಸೊನ್ನೆ ಎಷ್ಟು ಬೆಳೆದರೂ ಆ ಒಂದು ಉಳಿದೇ ಉಳಿಯುತ್ತದೆ."

ಕಾರ್ತಿಕದ ಹುಣ್ಣಿಮೆ ಬಂತು. ಬತ್ತಿಗಳನ್ನು ತುಪ್ಪದಲ್ಲಿ ನೆನೆಸಿ ರಾಶಿ ಹಾಕಿದ್ದಾಯಿತು. "ಲಕ್ಷ ಪೂರ್ತಿಯಾಯಿತೇ? ಬೆಳಗೋಣವೇ?" ಎಂದರು ಜೋಯಿಸರು. ಓರಗಿತ್ತಿಯರು ಮೂವರೂ ನೆಲ ನೋಡಿದರು.

ಅಚ್ಚಮ್ಮನಿಗೆ ಅರ್ಥವಾಯಿತು. ಯಾರನ್ನೂ ಬೈಯಲಿಲ್ಲ. ಒಂದು ಎಸಳು ಹತ್ತಿ ತೆಗೆದುಕೊಂಡು, ಬೆರಳಿಗೆ ಹಾಲು ಸೋಕಿಸಿ ತಾನೇ ಹೊಸೆಯಲು ನೋಡಿದಳು. ಹತ್ತಿ ಜಾರಿ ಬಿತ್ತು. ಮತ್ತೆ ಎತ್ತಿದಳು, ಮತ್ತೆ ಜಾರಿತು.

ಸರ್ವಮಂಗಳೆ ತಡೆಯಲಾರದೆ ಕೈ ಚಾಚಿದಳು. "ಕೊಡಿ ಅತ್ತೆ."

"ಬೇಡಮ್ಮ, ನೀನು ಕೂತಿರು. ನೀನು ಎಷ್ಟು ದಣಿದಿದ್ದೀಯೆಂದು ನಾನು ನೋಡುತ್ತಲೇ ಇದ್ದೇನೆ. ಬಾಯಿಬಿಟ್ಟು ಹೇಳಲಿಲ್ಲ, ಅದು ನನ್ನ ತಪ್ಪು."

ಸರ್ವಮಂಗಳೆಯ ಕಣ್ಣು ತುಂಬಿತು. ಇಷ್ಟು ದಿನ ಹಟ ಹಿಡಿದದ್ದು ಬತ್ತಿಗಾಗಿ ಅಲ್ಲ, ಈ ಒಂದು ಮಾತಿಗಾಗಿ ಎಂದು ಅವಳಿಗೇ ಆಗ ತಿಳಿಯಿತು. ಅತ್ತೆಯ ಕೈಯಿಂದ ಹತ್ತಿ ತೆಗೆದುಕೊಂಡು ನಿಧಾನವಾಗಿ ಹೊಸೆದು ರಾಶಿಗೆ ಸೇರಿಸಿದಳು. ದೀಪ ಹತ್ತಿತು. ಅಚ್ಚಮ್ಮ ಕೈ ಮುಗಿದಳು.

ನೀತಿ: ಎಷ್ಟೇ ಸಮನಾಗಿ ಹಂಚಿಕೊಂಡರೂ ಕೂಡಿ ಬಾಳುವ ಕಡೆ ಯಾರ ಪಾಲಿಗೂ ಸೇರದ ಕೆಲಸವೊಂದು ಉಳಿಯುತ್ತದೆ. ಅದನ್ನು ಯಾರಾದರೂ ಮಾಡಲೇಬೇಕು. ಮಾಡುವವರು ಯಾರೆಂದು ಉಳಿದವರು ಕಂಡು, ದಣಿವಾಯಿತೇ ಎಂದು ಕೇಳಬೇಕು.

ಓದಿದವರು ದಯವಿಟ್ಟು ಇದನ್ನು ಇನ್ನೊಂದು ಮನೆಗೆ ಮುಟ್ಟಿಸಿ.