ಕೊನೆಗೆ ಕಂಡ ಹೆಸರು

ಹೊಳೆ ದಂಡೆಯಲ್ಲೊಂದು ಆಶ್ರಮ. ಅಲ್ಲಿಯ ಗುರುಗಳಾದ ಅಜ್ಜಾರು ಮಂತ್ರ ಕಲಿಸುತ್ತಿರಲಿಲ್ಲ, ಪ್ರೋಗ್ರಾಮ್ ಬರೆಯೋದು ಕಲಿಸುತ್ತಿದ್ದರು. ಒಂದಕ್ಷರ ತಪ್ಪಿದರೆ ಎರಡೂ ಕೈಕೊಡುತ್ತವೆ ಅನ್ನಿ.

ಹೊಳೆ ಏರಿತೋ ಇಳಿಯಿತೋ ನೋಡಿ ದೋಣಿಯವರಿಗೆ ಹೇಳುವ ಪ್ರೋಗ್ರಾಮನ್ನು ಇಬ್ಬರು ಶಿಷ್ಯರು ಸೇರಿ ಬರೆದಿದ್ದರು. ಮೇಲಿನ ಭಾಗ ನೀಲವ್ವನದು, ಪೈಥಾನ್ ಭಾಷೆಯಲ್ಲಿ. ಅದು ಕರೆದಾಗ ಗಡಗಡ ಲೆಕ್ಕ ಮಾಡಿಕೊಡುವ ಕೆಳಗಿನ ಭಾಗ ಹಿರಿಯ ಶಿಷ್ಯ ತಿಪ್ಪೇಶನದು, ಸಿ ಭಾಷೆಯಲ್ಲಿ.

ಒಂದು ಬೆಳಿಗ್ಗೆ ಪ್ರೋಗ್ರಾಮು ದಬಕ್ಕನೆ ಬಿತ್ತು. ದೋಣಿಗಳು ನಿಂತವು.

ಪ್ರೋಗ್ರಾಮು ಸುಮ್ಮನೆ ಬೀಳಲ್ಲ. ಯಾರು ಯಾರನ್ನು ಕರೆದರು, ಎಲ್ಲಿಗೆ ಬಂದು ಬಿದ್ದೆ ಅಂತ ಸಾಲುಸಾಲಾಗಿ ಹೇಳಿಯೇ ಬೀಳುತ್ತದೆ. ತಿಪ್ಪೇಶ ಓದಿದ. ಕೊನೆಗೆ ಕಂಡ ಹೆಸರು ನೀಲವ್ವನ ಭಾಗದ್ದು. ಅದರ ಕೆಳಗೆ ಬರೀ ಅಂಕಿ, ಕೋಳಿ ಕೆದರಿದ ಹಾಗೆ.

ಅಜ್ಜಾರ ಹತ್ತಿರ ಓಡಿದ.

“ಅಜ್ಜಾರ, ನೀಲವ್ವನ್ನ ಮನೀಗೆ ಕಳಿಸಿಬಿಡ್ರಿ. ಕೆಡಿಸಿದಾಕಿ ಆಕಿನ.”

“ನೋಡಿದ್ಯಾ?”

“ಕೊನಿಗೆ ಆಕಿ ಭಾಗದ ಹೆಸರ ಐತ್ರಿ.”

“ಅದರ ಕೆಳಗ?”

“ಏನೋ ಅಂಕಿ ರೀ. ಯಾರಿಗೆ ತಿಳೀತೈತಿ?”

“ಆತು. ಸಂಜೀಗೆ ಕಳಿಸೋಣು, ಹೋಗು.”

ನೀಲವ್ವ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು. ಹೋಗಿ ಬ್ಯಾಗು ತುಂಬತೊಡಗಿದಳು.

ತಿಪ್ಪೇಶ ಮುಖ ತೊಳೆಯಲು ಹೊಳೆಗೆ ಬಗ್ಗಿದ. ಹಿಂದಿನಿಂದ ಒಂದು ಚೊಂಬು ತಣ್ಣೀರು ದಬದಬ ಅಂತ ಬೆನ್ನ ಮೇಲೆ.

ತಿರುಗಿದ. ದೋಣಿಯ ಬರಮಪ್ಪ ಹಲ್ಲು ಕಿಸಿದು ನಿಂತಿದ್ದ. ಪಕ್ಕದಲ್ಲಿ ಯಾರೋ ತಲೆತುಂಬ ಕಂಬಳಿ ಹೊದ್ದು ಕೂತಿದ್ದರು.

“ಏ ಬರಮ್ಯಾ, ಮೈಮ್ಯಾಲ ಖಬರ ಐತಿಲ್ಲೋ?”

“ನಾ ಅಲ್ಲಪಾ!”

“ಮತ್ಯಾರು? ಕಾಣೋ ಮಾರಿ ನಿಂದೊಂದ!”

ಕಂಬಳಿಯೊಳಗಿಂದ ಖಾಲಿ ಚೊಂಬು ಹಿಡಿದ ಕೈ ಬಂತು. ಆಮೇಲೆ ಗಡ್ಡ ಬಂತು. ಅಜ್ಜಾರ ಗಡ್ಡ.

ತಿಪ್ಪೇಶ ಬರಮಪ್ಪನ ಕಡೆ ಎತ್ತಿದ್ದ ಕೈಯನ್ನು ಹಾಗೇ ಮುಗಿದ.

“ನಿನ್ನ ಭಾಗದಾಗ ಹೆಸರು ಯಾಕಿಲ್ಲೋ?” ಅಂದರು ಅಜ್ಜಾರು.

“ಫೈಲು ಹಗುರಾಗ್ಲಿ ಅಂತ ಹೆಸರೆಲ್ಲಾ ನಾನ ಕಿತ್ತಿದ್ನಿರಿ. ಬರೀ ಅಂಕಿ ಉಳದಾವ.”

“ಹಂಗಂದ್ರ ಆ ಅಂಕಿ ಇದ್ದಲ್ಲಿ ಕಂಬಳಿ ಹೊಚ್ಚಿದಾವ ನೀನ.”

ತಿಪ್ಪೇಶ ಒದ್ದೆ ಅಂಗಿಯಲ್ಲೇ ಓಡಿದ. ಹೆಸರು, ಸಾಲಿನ ನಂಬರು ಎಲ್ಲ ಉಳಿಯುವ ಹಾಗೆ ತನ್ನ ಭಾಗವನ್ನು ಮತ್ತೆ ಕಂಪೈಲ್ ಮಾಡಿದ. ಪ್ರೋಗ್ರಾಮ್ ಓಡಿಸಿದ. ಅದು ಮತ್ತೆ ಬಿತ್ತು.

ಆದರೆ ಈ ಸಲ ಮೇಲಿಂದ ಕೆಳಗಿನತನಕ ಓದಲು ಬಂತು. ನೀಲವ್ವನ ಭಾಗ ಸರಿಯಾಗೇ ಕರೆದಿತ್ತು. ಅದರ ಕೆಳಗೆ, ಅಂಕಿ ಇದ್ದ ಜಾಗದಲ್ಲಿ, ನೀರಿನ ಮಟ್ಟದ ಸರಾಸರಿ ತೆಗೆಯುವ ತಿಪ್ಪೇಶನ ಫಂಕ್ಷನ್ನಿನ ಹೆಸರು. ಅಳತೆ ಒಂದೂ ಬಾರದಿದ್ದಾಗ ಅದು ಸೊನ್ನೆಯಿಂದ ಭಾಗಿಸಲು ಹೋಗಿತ್ತು.

ಬ್ಯಾಗು ಹಿಡಿದು ಬಂದ ನೀಲವ್ವ ಅವನ ಹೆಗಲ ಮೇಲಿಂದ ಓದಿದಳು. ಬ್ಯಾಗಿನ ಮೇಲೇ ಕುಸಿದು ಕೂತಳು. “ಯವ್ವಾ, ಜೀವ ಬಂತು!” ಅಂತ ಕಣ್ಣೊರೆಸಿಕೊಂಡು ನಕ್ಕಳು. “ಅಣ್ಣಾ, ಈ ಬ್ಯಾಗ್ ಈಗ ನಿನಗ ಬೇಕೇನು?”

ತಿಪ್ಪೇಶ ನಗಲಿಲ್ಲ. ಅಜ್ಜಾರ ಮುಂದೆ ಹೋಗಿ ನಿಂತ.

“ಅಜ್ಜಾರ, ಸಂಜೀಗೆ ನಾ ಹೋಗ್ಬೇಕಲ್ರಿ?”

“ತಪ್ಪಿದ ಸಾಲು ಸಿಕ್ತಲ್ಲೋ,” ಅಂದರು ಅಜ್ಜಾರು. “ಇನ್ನ ಮನಷ್ಯಾನ್ನ ಯಾಕ ತಗೀಬೇಕು?”